ಉರುಳುವ ಪೀಪಾಯಿಯಲ್ಲಿ ಕಲ್ಲಿಗೆ ಹೊಳಪು: ಹೊಸ ಹವ್ಯಾಸಿ ತಿಳಿದಿರಬೇಕಾದ ಸಂಗತಿಗಳು

ಹೊಳೆಯ ದಂಡೆಗೆ ಹೋದವರು ಬರಿಗೈಯಲ್ಲಿ ಮರಳುವುದು ಅಪರೂಪ. ನೀರಿನೊಳಗೆ ಮಿನುಗುತ್ತಿದ್ದ ಒಂದೆರಡು ಕಲ್ಲುಗಳು ಮಕ್ಕಳ ಜೇಬಿಗೂ ದೊಡ್ಡವರ ಚೀಲಕ್ಕೂ ಸೇರಿಕೊಳ್ಳುತ್ತವೆ. ಮನೆಗೆ ಬಂದು ನೋಡಿದರೆ ಹೊಳಪು ಮಾಯವಾಗಿ, ಕೈಯಲ್ಲಿ ಮಂಕುಬಣ್ಣದ ಸಾಮಾನ್ಯ ಕಲ್ಲು ಉಳಿದಿರುತ್ತದೆ. ಕಲ್ಲಿನ ಮೈಮೇಲಿನ ಗೀರುಗಳನ್ನು ನೀರಿನ ತೆಳುಪೊರೆ ತುಂಬಿ ಸಮ ಮಾಡಿದ್ದರಿಂದ ಕಂಡ ಹೊಳಪು ಅದು. ನೀರು ಆರಿದ ಮೇಲೂ ಆ ಹೊಳಪು ಉಳಿಯುವಂತೆ ಮಾಡುವ ಪುಟ್ಟ ಯಂತ್ರವೇ ರಾಕ್ ಟಂಬ್ಲರ್. ಮೇಜಿನ ಮೇಲೆ ಹಿಡಿಸುವಷ್ಟು ಗಾತ್ರದ ಈ ಯಂತ್ರವನ್ನು ನಡೆಸಲು ವಿಶೇಷ ಕೌಶಲ ಬೇಕಿಲ್ಲ. ಬೇಕಾದದ್ದು ಕಲ್ಲಿನ ಆಯ್ಕೆಯಲ್ಲಿ ವಿವೇಕ, ತೊಳೆಯುವುದರಲ್ಲಿ ಶ್ರದ್ಧೆ ಮತ್ತು ಸುಮಾರು ಒಂದು ತಿಂಗಳ ತಾಳ್ಮೆ.

ನದಿಯ ಕೆಲಸ, ಯಂತ್ರದ ಕೈಯಲ್ಲಿ

ಬೆಟ್ಟದಿಂದ ಮುರಿದು ಬಿದ್ದ ಬಂಡೆಯ ಚೂರು ಮೊನಚು ಅಂಚುಗಳಿಂದ ಕೂಡಿರುತ್ತದೆ. ಪ್ರವಾಹದಲ್ಲಿ ಉರುಳುತ್ತ, ಮರಳಿನೊಡನೆ ಮತ್ತು ಇತರ ಕಲ್ಲುಗಳೊಡನೆ ತಿಕ್ಕಾಡುತ್ತ ಅದು ದುಂಡಾಗುತ್ತದೆ. ನರ್ಮದೆಯ ಬಾಣಲಿಂಗ, ಗಂಡಕಿಯ ಸಾಲಿಗ್ರಾಮ, ಹಳ್ಳಿಯ ಹೆಣ್ಣುಮಕ್ಕಳು ಕಲ್ಲಾಟಕ್ಕೆ ಆರಿಸಿಕೊಳ್ಳುವ ಐದು ನುಣುಪು ಕಲ್ಲುಗಳು, ಇವೆಲ್ಲಕ್ಕೂ ದುಂಡುತನ ಬಂದದ್ದು ಹರಿಯುವ ನೀರಿನಿಂದಲೇ. ಆದರೆ ನದಿಯ ಕೆಲಸ ಸಾಮಾನ್ಯವಾಗಿ ನುಣುಪಿಗೆ ನಿಲ್ಲುತ್ತದೆ. ಕನ್ನಡಿಯಂಥ ಹೊಳಪಿಗೆ ಹೋಗುವುದಿಲ್ಲ. ನದಿಯಲ್ಲಿ ಒರಟು ಮರಳೂ ನಯವಾದ ಹೂಳೂ ಒಟ್ಟಿಗೇ ಇರುವುದು ಇದಕ್ಕೆ ಕಾರಣ. ನಯವಾದ ಹೂಳು ಅಳಿಸಿದ ಗೀರನ್ನು ಒರಟು ಮರಳು ಮತ್ತೆ ಎಳೆಯುತ್ತದೆ.

ಟಂಬ್ಲರ್ ಮಾಡುವುದು ಇವೆರಡನ್ನೂ ಬೇರ್ಪಡಿಸುವ ಕೆಲಸವನ್ನು. ಮೊದಲು ಒರಟು ಪುಡಿ, ಅನಂತರ ಅದಕ್ಕಿಂತ ನಯವಾದದ್ದು, ಕೊನೆಗೆ ಹೊಳಪಿನ ಪುಡಿ. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಇನ್ನೂ ಸಣ್ಣ ಗೀರುಗಳನ್ನು ಬಿಡುತ್ತದೆ. ಗೀರುಗಳು ಬೆಳಕನ್ನು ಚದುರಿಸಲಾಗದಷ್ಟು ಸಣ್ಣದಾದಾಗ ಕಲ್ಲು ಹೊಳೆಯತೊಡಗುತ್ತದೆ. ಹೊಳಪು ಎಂಬುದು ಕಲ್ಲಿಗೆ ಬಳಿಯುವ ಲೇಪವಲ್ಲ. ಗೀರುಗಳೆಲ್ಲ ತೊಲಗಿದ ಮೇಲೆ ಉಳಿಯುವ ಸ್ಥಿತಿ. ಈ ಒಂದು ಮಾತು ಮನದಟ್ಟಾದರೆ ಹವ್ಯಾಸದ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಚರ್ಮದ ಚೀಲದಿಂದ ರಬ್ಬರ್ ಪೀಪಾಯಿಗೆ

ಉರುಳಿಸಿ ಹೊಳಪು ಕೊಡುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಗುಜರಾತಿನ ಖಂಭಾತ್ ಶತಮಾನಗಳಿಂದ ಅಗೇಟ್ ಮಣಿಗಳಿಗೆ ಹೆಸರಾದ ಊರು. ಭರೂಚ್ ಜಿಲ್ಲೆಯ ರತನಪುರದ ಸುತ್ತಲಿನ ಗಣಿಗಳಿಂದ ಬಂದ ಕಲ್ಲನ್ನು ಅಲ್ಲಿ ಕಾಯಿಸಿ, ಒಡೆದು, ತಿಕ್ಕಿ, ರಂಧ್ರ ಕೊರೆದು ಮಣಿ ಮಾಡಲಾಗುತ್ತದೆ. ಕಾಯಿಸಿದಾಗ ಕಲ್ಲಿನೊಳಗಿನ ಕಬ್ಬಿಣದ ಅಂಶ ಕೆಂಪಾಗಿ ಕಾರ್ನೀಲಿಯನ್ನಿನ ಬಣ್ಣ ಗಾಢವಾಗುತ್ತದೆ. ಹಿಂದೆ ಹೊಳಪು ಕೊಡಲು ಮಣಿಗಳನ್ನು ಅಗೇಟ್ ಪುಡಿ, ಕುರುಂದದ ಪುಡಿ ಮತ್ತು ನೀರಿನೊಡನೆ ಚರ್ಮದ ಚೀಲದಲ್ಲಿ ಕಟ್ಟಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ವಿದ್ಯುತ್ ಬಂದ ಮೇಲೆ ಆ ಚೀಲದ ಜಾಗವನ್ನು ಮೋಟಾರಿನಿಂದ ತಿರುಗುವ ಡ್ರಮ್ಮುಗಳು ಆಕ್ರಮಿಸಿಕೊಂಡವು.

ಈ ಕಸುಬಿನ ಬೇರು ಹರಪ್ಪ ನಾಗರಿಕತೆಯವರೆಗೆ ಹೋಗುತ್ತದೆ. ಗುಜರಾತಿನ ಲೋಥಲ್‌ನಲ್ಲಿ 1955ರಿಂದ ನಡೆದ ಉತ್ಖನನದಲ್ಲಿ ಕುಲುಮೆ ಸಹಿತ ಮಣಿ ತಯಾರಿಕೆಯ ಕಾರ್ಯಾಗಾರವೊಂದು ಬೆಳಕಿಗೆ ಬಂತು. ಆ ಉತ್ಖನನದ ನೇತೃತ್ವ ವಹಿಸಿದ್ದವರು ಕನ್ನಡ ನಾಡಿನ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಸಿಂಧೂ ಬಯಲಿನ ಉದ್ದನೆಯ ಕಾರ್ನೀಲಿಯನ್ ಮಣಿಗಳು ಮೆಸೊಪೊಟೇಮಿಯಾದ ಊರ್ ನಗರದ ರಾಜಸಮಾಧಿಗಳಲ್ಲೂ ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಅನಂತರವೂ ಅವುಗಳ ಹೊಳಪು ಮಾಸಿಲ್ಲ.

ಮನೆಬಳಕೆಯ ವಿದ್ಯುತ್ ಟಂಬ್ಲರ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ಅದಕ್ಕೆ ಬೇಕಾದ ಗಟ್ಟಿ ಪುಡಿ ದೊರೆತದ್ದು ಇನ್ನೂ ಹಿಂದೆ. 1891ರಲ್ಲಿ ಎಡ್ವರ್ಡ್ ಅಚಿಸನ್ ಎಂಬ ಅಮೆರಿಕನ್ ಸಂಶೋಧಕ ಕೃತಕ ವಜ್ರ ತಯಾರಿಸಲು ಹೊರಟು ಸಿಲಿಕಾನ್ ಕಾರ್ಬೈಡ್ ಹರಳುಗಳನ್ನು ಪಡೆದ. ಕಾರ್ಬೊರಂಡಮ್ ಎಂದು ಹೆಸರಾದ ಈ ವಸ್ತುವೇ ಇಂದಿಗೂ ಟಂಬ್ಲರ್‌ನ ಮುಖ್ಯ ಉಜ್ಜುಪುಡಿ, ಅಂದರೆ ಗ್ರಿಟ್.

ಯಂತ್ರದಲ್ಲಿ ಏನಿದೆ?

ರೋಟರಿ ಟಂಬ್ಲರ್‌ನ ರಚನೆ ಸರಳ. ಒಂದು ಮೋಟಾರು, ಅದು ತಿರುಗಿಸುವ ಎರಡು ದಂಡಗಳು, ಅವುಗಳ ಮೇಲೆ ಅಡ್ಡ ಮಲಗುವ ಒಂದು ಪೀಪಾಯಿ. ಪೀಪಾಯಿ ನಿಧಾನವಾಗಿ ತಿರುಗಿದಂತೆ ಕಲ್ಲುಗಳು ಗೋಡೆಗುಂಟ ಮೇಲೇರಿ, ಒಂದರ ಮೇಲೊಂದು ಜಾರಿ ಇಳಿಯುತ್ತವೆ. ಜಾರುವಿಕೆಯಿಂದಲೇ ತಿಕ್ಕಾಟ, ಬೀಳುವಿಕೆಯಿಂದ ಒಡಕು. ಇನ್ನೊಂದು ಬಗೆಯ ಯಂತ್ರ ತಿರುಗುವುದಿಲ್ಲ, ಕಂಪಿಸುತ್ತದೆ. ಅದು ಬೇಗ ಕೆಲಸ ಮುಗಿಸುತ್ತದೆ, ಕಲ್ಲಿನ ಮೂಲ ಆಕಾರವನ್ನು ಹೆಚ್ಚಾಗಿ ಉಳಿಸುತ್ತದೆ. ಆದರೆ ಮೊನಚನ್ನು ದುಂಡು ಮಾಡುವುದರಲ್ಲಿ ಹಿಂದೆ. ಹೊಸಬರಿಗೆ ರೋಟರಿಯೇ ತಕ್ಕದ್ದು.

ಕೊಳ್ಳುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಪೀಪಾಯಿ ರಬ್ಬರಿನದಾಗಿದ್ದರೆ ಸದ್ದು ಕಡಿಮೆ, ಪ್ಲಾಸ್ಟಿಕ್ಕಿನದಾದರೆ ಹೆಚ್ಚು. ಯಂತ್ರ ಹಗಲುರಾತ್ರಿ ಓಡಬೇಕಾಗಿರುವುದರಿಂದ ಅಪಾರ್ಟ್‌ಮೆಂಟ್ ವಾಸಿಗಳಿಗೆ ಇದು ಸಣ್ಣ ವಿಷಯವಲ್ಲ. ಎರಡನೆಯದು, ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರಗಳು ಸುಮಾರು 120 ವೋಲ್ಟ್‌ಗೆ ಹೊಂದಿಕೊಂಡಿರುತ್ತವೆ. ಅವನ್ನು ನೇರವಾಗಿ ಇಲ್ಲಿನ 230 ವೋಲ್ಟ್‌ಗೆ ಜೋಡಿಸಿದರೆ ಮೋಟಾರು ಸುಟ್ಟುಹೋಗಬಹುದು. ಮೂರನೆಯದು ಗಾತ್ರ. ಕಲ್ಲು, ನೀರು ಸೇರಿ ಒಂದೂವರೆ ಕಿಲೋದಷ್ಟು ಹಿಡಿಸುವ ಪೀಪಾಯಿ ಆರಂಭಕ್ಕೆ ಸಾಕು.

ಯಾವ ಕಲ್ಲು ತಕ್ಕದ್ದು?

ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಶ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಅಳತೆಗೋಲು ಇಲ್ಲಿ ಹವ್ಯಾಸಿಯ ಮಾರ್ಗದರ್ಶಿ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಅದರಲ್ಲಿ 1, ವಜ್ರ 10. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್ 7. ಅಗೇಟ್, ಜ್ಯಾಸ್ಪರ್, ಕಾರ್ನೀಲಿಯನ್‌ಗಳು ಅತಿಸೂಕ್ಷ್ಮ ಕಣಗಳ ಕ್ವಾರ್ಟ್ಜ್ ಆಗಿದ್ದು 6.5ರಿಂದ 7ರಷ್ಟು ಕಠಿಣ. ಗಟ್ಟಿತನ ಮತ್ತು ಏಕರೂಪದ ನಯವಾದ ಒಳರಚನೆ ಎರಡೂ ಇರುವುದರಿಂದ ಹೊಸಬರ ಮೊದಲ ಪೀಪಾಯಿಗೆ ಇವೇ ಅತ್ಯುತ್ತಮ.

ಕರ್ನಾಟಕದಲ್ಲಿ ಇಂಥ ಕಲ್ಲುಗಳಿಗೆ ಕೊರತೆಯಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳವರೆಗೆ ಚಾಚಿರುವ ದಖ್ಖನ್ ಲಾವಾ ಪದರಗಳ ಪೊಳ್ಳುಗಳಲ್ಲಿ ಅಗೇಟ್ ಮತ್ತು ಕ್ಯಾಲ್ಸೆಡೊನಿ ರೂಪುಗೊಂಡಿವೆ. ಬಸಾಲ್ಟ್ ಸವೆದಂತೆ ಅವು ಕಳಚಿ, ಕೃಷ್ಣಾ ಮತ್ತು ಭೀಮಾ ನದಿಗಳ ಜಲ್ಲಿಯಲ್ಲಿ ಸೇರಿಕೊಳ್ಳುತ್ತವೆ. ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳಲ್ಲಿ ಕೆಂಪು ಜ್ಯಾಸ್ಪರ್ ಪಟ್ಟೆಗಳುಳ್ಳ ಶಿಲೆ ಇದೆ.

ನಾಡಿನ ಪ್ರಸಿದ್ಧ ಶಿಲೆಗಳೆಲ್ಲ ಟಂಬ್ಲರ್‌ಗೆ ಒಗ್ಗುತ್ತವೆ ಎಂದಲ್ಲ. ಬೇಲೂರು, ಹಳೇಬೀಡುಗಳ ಶಿಲ್ಪಿಗಳಿಗೆ ಸೂಕ್ಷ್ಮ ಕೆತ್ತನೆಗೆ ನೆರವಾದ ಬಳಪದ ಕಲ್ಲಿನ ಮೃದುತ್ವವೇ ಇಲ್ಲಿ ತೊಡಕು; ಗಟ್ಟಿ ಕಲ್ಲುಗಳ ನಡುವೆ ಅದು ಸವೆದು ಕೆಸರಾಗುತ್ತದೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಶಿಲೆಯಾದ್ದರಿಂದ ಅದರದ್ದೂ ಇದೇ ಪಾಡು. ಅಭ್ರಕದ ಹರಳುಗಳುಳ್ಳ ದಪ್ಪಕಣದ ಗ್ರಾನೈಟ್‌ನಲ್ಲಿ ಮೃದು ಖನಿಜ ಮೊದಲು ಕಿತ್ತುಬಂದು ಮೈಯೆಲ್ಲ ಕುಳಿ ಬೀಳುತ್ತದೆ. ಒಂದು ಪೀಪಾಯಿಯಲ್ಲಿ ಒಂದೇ ಕಾಠಿಣ್ಯದ ಕಲ್ಲುಗಳಿರಬೇಕೆಂಬುದು ಮೊದಲ ನಿಯಮ. ಬಿರುಕು, ರಂಧ್ರಗಳಿರುವ ಕಲ್ಲುಗಳನ್ನು ಆರಂಭದಲ್ಲೇ ಹೊರಗಿಡಬೇಕು. ಬಿರುಕಿನಲ್ಲಿ ಅಡಗಿದ ಒರಟು ಗ್ರಿಟ್ ಮುಂದಿನ ಹಂತಗಳನ್ನೆಲ್ಲ ಕೆಡಿಸುತ್ತದೆ. ಕಲ್ನಾರು ಇರುವ ಶಿಲೆ, ಸೀಸ ಅಥವಾ ಪಾದರಸದ ಅದಿರುಗಳನ್ನು ಪೀಪಾಯಿಗೆ ಹಾಕುವಂತೆಯೇ ಇಲ್ಲ. ಗುರುತು ಸಿಗದ ಕಲ್ಲನ್ನು ಕೈಬಿಡುವುದೇ ಲೇಸು.

ನಾಲ್ಕು ಹಂತ, ನಾಲ್ಕು ವಾರ

ಗ್ರಿಟ್ ಪೊಟ್ಟಣದ ಮೇಲಿನ ಅಂಕಿ ಜರಡಿಯ ಅಳತೆ. ಒಂದು ಅಂಗುಲದಲ್ಲಿ ಎಷ್ಟು ಕಿಂಡಿಗಳಿವೆ ಎಂಬುದನ್ನು ಅದು ಸೂಚಿಸುತ್ತದೆ. ಅಂಕಿ ಹೆಚ್ಚಿದಂತೆ ಪುಡಿ ನಯವಾಗುತ್ತದೆ. 60ರ ಪುಡಿಯ ಕಣ ಸುಮಾರು ಕಾಲು ಮಿಲಿಮೀಟರ್. 500ರದ್ದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗ ಮಾತ್ರ.

ಮೊದಲ ಹಂತ, 60/90 ಸಿಲಿಕಾನ್ ಕಾರ್ಬೈಡ್. ಪೀಪಾಯಿಯ ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಕಲ್ಲು ತುಂಬಬೇಕು. ಸಣ್ಣ ಪೀಪಾಯಿಗೆ ಒಂದರಿಂದ ಮೂರು ಸೆಂಟಿಮೀಟರ್ ಗಾತ್ರದ ಕಲ್ಲುಗಳ ಮಿಶ್ರಣ ಒಳ್ಳೆಯದು; ದೊಡ್ಡವುಗಳ ನಡುವಿನ ಸಂದನ್ನು ಸಣ್ಣವು ತುಂಬುತ್ತವೆ. ಒಂದು ಕಿಲೋ ಕಲ್ಲಿಗೆ ಸುಮಾರು ನಾಲ್ಕು ದೊಡ್ಡ ಚಮಚ ಗ್ರಿಟ್ ಹಾಕಿ, ಮೇಲಿನ ಪದರದ ಕಲ್ಲುಗಳು ತುಸು ಹೊರಗೆ ಕಾಣುವವರೆಗೆ ನೀರೆರೆದು, ಮುಚ್ಚಳ ಬಿಗಿದು, ಏಳು ದಿನ ಓಡಿಸಬೇಕು. ಕಲ್ಲಿನ ಆಕಾರ ರೂಪುಗೊಳ್ಳುವುದು ಈ ಹಂತದಲ್ಲಿ ಮಾತ್ರ. ವಾರದ ಕೊನೆಗೆ ಗ್ರಿಟ್ ತಾನೂ ಪುಡಿಯಾಗಿ ಕಡಿತ ಕಳೆದುಕೊಂಡಿರುತ್ತದೆ. ಕಲ್ಲು ಇನ್ನೂ ದುಂಡಾಗಿಲ್ಲದಿದ್ದರೆ ಹೊಸ ಗ್ರಿಟ್ ಹಾಕಿ ಇನ್ನೊಂದು ವಾರ, ಬೇಕಾದರೆ ಮತ್ತೊಂದು ವಾರ ಇದೇ ಹಂತವನ್ನು ಮುಂದುವರಿಸಬೇಕು. ಇಲ್ಲಿ ಉಳಿದ ಕುಳಿಯನ್ನು ಮುಂದಿನ ಯಾವ ಪುಡಿಯೂ ತೆಗೆಯಲಾರದು.

ಎರಡನೆಯ ಹಂತದಲ್ಲಿ 120/220ರ ಪುಡಿ, ಮೂರನೆಯದರಲ್ಲಿ 500ರ ಪುಡಿ. ಎರಡಕ್ಕೂ ತಲಾ ಸುಮಾರು ಏಳು ದಿನ. ಮೊದಲ ಹಂತದಲ್ಲಿ ಸವೆದು ಕಡಿಮೆಯಾದ ಕಲ್ಲಿನ ಜಾಗವನ್ನು ಸಣ್ಣ ಸೆರಾಮಿಕ್ ಬಿಲ್ಲೆಗಳಿಂದ ತುಂಬುವುದು ವಾಡಿಕೆ. ಹಾಗೆ ತುಂಬದಿದ್ದರೆ ಕಲ್ಲುಗಳು ಜಾರುವ ಬದಲು ಬಿದ್ದು ಪೆಟ್ಟು ತಿನ್ನುತ್ತವೆ.

ನಾಲ್ಕನೆಯದು ಹೊಳಪಿನ ಹಂತ. ಸಾಮಾನ್ಯವಾಗಿ ಅತಿ ನಯವಾದ ಅಲ್ಯೂಮಿನಿಯಂ ಆಕ್ಸೈಡ್ ಬಳಸಲಾಗುತ್ತದೆ. ಸಾಧ್ಯವಾದರೆ ಇದಕ್ಕೆ ಪ್ರತ್ಯೇಕ ಪೀಪಾಯಿ ಇಟ್ಟುಕೊಳ್ಳುವುದು ಕ್ಷೇಮ. ಏಳು ದಿನಗಳ ಅನಂತರ ಕಲ್ಲುಗಳನ್ನು ತೊಳೆದು, ತುರಿದ ಸಾದಾ ಬಾರ್ ಸೋಪು ಮತ್ತು ನೀರಿನಲ್ಲಿ ಒಂದೆರಡು ಗಂಟೆ ಉರುಳಿಸಿದರೆ ಉಳಿದ ಮಸುಕೂ ಹೋಗುತ್ತದೆ.

ಮೊದಲ ದಿನಗಳಲ್ಲಿ ದಿನಕ್ಕೊಮ್ಮೆ ಯಂತ್ರ ನಿಲ್ಲಿಸಿ ಮುಚ್ಚಳ ತೆರೆದು ನೋಡಬೇಕು. ಕೆಲವು ಕಲ್ಲುಗಳಿಂದ ಅನಿಲ ಹುಟ್ಟಿ ಪೀಪಾಯಿ ಉಬ್ಬುವುದುಂಟು. ವಿದ್ಯುತ್ ಹೋಗಿ ಬಂದರೆ ತೊಂದರೆಯಿಲ್ಲ, ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ದಿನಗಟ್ಟಲೆ ನಿಂತರೆ ಒಳಗಿನ ಕೆಸರು ಗಟ್ಟಿಯಾಗಿ ಕಲ್ಲುಗಳನ್ನು ಗಾರೆಯಂತೆ ಹಿಡಿದುಕೊಳ್ಳುತ್ತದೆ. ಊರಿಗೆ ಹೊರಡುವ ಮುನ್ನ ಪೀಪಾಯಿ ಖಾಲಿ ಮಾಡಿ ತೊಳೆದಿಡಬೇಕು.

ತೊಳೆಯುವುದೇ ಅರ್ಧ ವಿದ್ಯೆ

ಮೊದಲ ಪ್ರಯತ್ನದಲ್ಲಿ ಸೋತವರ ಪೈಕಿ ಅನೇಕರು ಎಡವುವುದು ಹಂತಗಳ ನಡುವಿನ ತೊಳೆಯುವಿಕೆಯಲ್ಲಿ. 60ರ ಗ್ರಿಟ್ಟಿನ ನಾಲ್ಕಾರು ಕಣಗಳು ಹೊಳಪಿನ ಹಂತಕ್ಕೆ ನುಸುಳಿದರೆ ಸಾಕು, ಮೂರು ವಾರಗಳ ಶ್ರಮ ವ್ಯರ್ಥ. ಕಲ್ಲುಗಳನ್ನು ಒಂದೊಂದಾಗಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಪೀಪಾಯಿಯ ಒಳಗೋಡೆ, ಮುಚ್ಚಳದ ಅಂಚು, ಕೈಯ ಉಗುರು ಸಂದು, ಎಲ್ಲವೂ ಸ್ವಚ್ಛವಾಗಬೇಕು. ಬಿರುಕು ಬಿಟ್ಟ ಕಲ್ಲು ಕಂಡರೆ ಆಗಲೇ ತೆಗೆದಿಡಬೇಕು.

ಮುಂದಿನ ಹಂತಕ್ಕೆ ಕಲ್ಲು ಸಿದ್ಧವಾಗಿದೆಯೇ ಎಂದು ತಿಳಿಯಲು ಅದನ್ನು ಪೂರ್ತಿ ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಒದ್ದೆಯಾದಾಗ ಎಲ್ಲ ಕಲ್ಲೂ ಹೊಳೆಯುತ್ತದೆ. ಮೂರನೆಯ ಹಂತ ಮುಗಿದಾಗ ಒಣಗಿದ ಕಲ್ಲಿನಲ್ಲಿ ರೇಷ್ಮೆಯಂಥ ಮಂದ ಕಾಂತಿ ಕಾಣಬೇಕು. ಕಾಣದಿದ್ದರೆ ಹೊಳಪಿನ ಪುಡಿ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಒಂದು ಹಂತ ಹಿಂದಕ್ಕೆ ಹೋಗುವುದೇ ಸರಿ. ಅಂಚುಗಳು ಚಕ್ಕೆಯೆದ್ದಿದ್ದರೆ ಪೀಪಾಯಿ ಸಾಕಷ್ಟು ತುಂಬಿರಲಿಲ್ಲ. ಮೈಮೇಲೆ ಎಲ್ಲೆಡೆ ಮಂಜು ಮುಸುಕಿದಂತಿದ್ದರೆ ಒರಟು ಗ್ರಿಟ್ ಉಳಿದಿತ್ತು, ಇಲ್ಲವೇ ಮೃದು ಕಲ್ಲು ಬೆರೆತಿತ್ತು. ತಾಳಿದವನು ಬಾಳಿಯಾನು ಎಂಬ ಗಾದೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ.

ದೂಳಿನ ಬಗ್ಗೆ ಎಚ್ಚರ

ಪೀಪಾಯಿಯಲ್ಲಿ ನೀರಿರುವುದು ಬರಿಯ ಹೊಳಪಿಗಾಗಿ ಅಲ್ಲ. ಅಗೇಟ್, ಜ್ಯಾಸ್ಪರ್, ಬೆಣಚುಕಲ್ಲುಗಳೆಲ್ಲ ಸಿಲಿಕಾ. ಅದರ ಒಣ ದೂಳಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿ ವಾಸಿಯಾಗದ ಗಾಯದ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಈ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಉಸಿರಿನೊಡನೆ ಒಳಸೇರುವ ಹರಳು ಸಿಲಿಕಾ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು.

ಹೊಳಪಿನ ಮಣಿಗಳಿಗೆ ಹೆಸರಾದ ಖಂಭಾತ್‌ನ ಇನ್ನೊಂದು ಮುಖ ಇದು. ಅಲ್ಲಿನ ಮನೆಗಳಲ್ಲೇ ಸಾಣೆಚಕ್ರದ ಮೇಲೆ ಒಣಗಲ್ಲು ತಿಕ್ಕುವ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಕರ್ನಾಟಕಕ್ಕೂ ಈ ಕಾಯಿಲೆ ಅಪರಿಚಿತವಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ 1940ರ ದಶಕದಲ್ಲೇ ಅದು ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತ್ತು.

ಮನೆಯ ಟಂಬ್ಲರ್‌ನಲ್ಲಿ ಕಲ್ಲು ಸದಾ ನೀರಿನೊಳಗೇ ಇರುವುದರಿಂದ ದೂಳು ಏಳುವುದಿಲ್ಲ. ಅಪಾಯವಿರುವುದು ಅದರ ಆಚೀಚೆ. ದೊಡ್ಡ ಕಲ್ಲನ್ನು ಸುತ್ತಿಗೆಯಿಂದ ಒಡೆಯುವಾಗ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಬೇಕು. ಕಲ್ಲನ್ನು ಒಣಗಿದಂತೆಯೇ ಗ್ರೈಂಡರ್‌ಗೆ ಒಡ್ಡಬಾರದು. ಗ್ರಿಟ್ ಸುರಿಯುವಾಗ ಪುಡಿ ಹಾರದಂತೆ ನೋಡಿಕೊಳ್ಳಬೇಕು. ಪೀಪಾಯಿಯ ಕೆಸರನ್ನು ಸಿಂಕಿಗೆ ಸುರಿಯಲೇಬಾರದು. ಕೊಳವೆಯಲ್ಲಿ ತಂಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು, ತಿಳಿನೀರನ್ನು ಹೊರಗೆ ಚೆಲ್ಲಿ, ತಳದ ಕೆಸರನ್ನು ತೇವವಿರುವಾಗಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ನೆಲಕ್ಕೆ ಚೆಲ್ಲಿದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳು ಜೊತೆಗಿದ್ದರೆ ಈ ನಿಯಮಗಳಲ್ಲಿ ವಿನಾಯಿತಿ ಸಲ್ಲದು.

ಕಲ್ಲು ಎಲ್ಲಿಂದ ತರಬೇಕು?

ದಾರಿಬದಿಯ ಕಲ್ಲಿಗೆ ಯಾರ ಹಂಗು ಎಂದುಕೊಳ್ಳುವುದು ಸಹಜ. ಆದರೆ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಕಾಯ್ದಿಟ್ಟ ಅರಣ್ಯಗಳಿಂದ ಮತ್ತು ಸಂರಕ್ಷಿತ ಸ್ಮಾರಕಗಳ ಆವರಣದಿಂದ ಕಲ್ಲು ತರುವಂತಿಲ್ಲ. ಖಾಸಗಿ ಜಮೀನಾದರೆ ಮಾಲೀಕರ ಅನುಮತಿ ಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಟಂಬ್ಲರ್‌ಗೆ ಉತ್ತಮವಾದ ಅಗೇಟ್, ಜ್ಯಾಸ್ಪರ್‌ಗಳನ್ನೇ ಶಿಲಾಯುಗದ ಮನುಷ್ಯನೂ ತನ್ನ ಸಣ್ಣ ಹತಾರಗಳಿಗೆ ಆರಿಸಿಕೊಂಡಿದ್ದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಇಂಥ ಸೂಕ್ಷ್ಮ ಶಿಲಾಯುಧಗಳು ದೊರೆತವು. ಯಾದಗಿರಿ ಜಿಲ್ಲೆಯ ಹುಣಸಗಿ ಸುತ್ತಮುತ್ತ ಇನ್ನೂ ಪ್ರಾಚೀನ ಕಾಲದ ಕಲ್ಲಿನ ಹತಾರಗಳು ನೆಲದ ಮೇಲೆಯೇ ಕಂಡುಬಂದಿವೆ. ಒಂದು ಬದಿ ಹರಿತವಾಗಿ, ಸಾಲುಸಾಲು ಚಕ್ಕೆ ತೆಗೆದ ಗುರುತುಗಳಿರುವ ಕಲ್ಲು ಸಿಕ್ಕರೆ ಅದು ಮನುಷ್ಯನ ಕೈಯ ಕೆಲಸವಾಗಿರಬಹುದು. ಅದನ್ನು ಪೀಪಾಯಿಗೆ ಹಾಕಿದರೆ ಸಾವಿರಾರು ವರ್ಷ ಉಳಿದುಬಂದ ಗುರುತು ಒಂದೇ ವಾರದಲ್ಲಿ ಅಳಿಸಿಹೋಗುತ್ತದೆ. ಅಂಥದ್ದನ್ನು ಇದ್ದಲ್ಲಿಯೇ ಬಿಟ್ಟು, ಸ್ಥಳದ ಗುರುತಿನೊಡನೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ. ಹೊಸಬರಿಗೆ ಕಚ್ಚಾ ಅಗೇಟ್, ಜ್ಯಾಸ್ಪರ್‌ಗಳನ್ನು ವ್ಯಾಪಾರಿಗಳಿಂದಲೇ ಕೊಳ್ಳುವುದು ಸುಲಭದ ದಾರಿ. ಕಲ್ಲಿನ ಜಾತಿಯ ಬಗ್ಗೆಯೂ ಗೊಂದಲವಿರುವುದಿಲ್ಲ.

ಖರ್ಚು ಹೆಚ್ಚಿಲ್ಲದ, ಮನೆಮಂದಿಯೆಲ್ಲ ಪಾಲ್ಗೊಳ್ಳಬಹುದಾದ ಹವ್ಯಾಸ ಇದು. ಫಲ ಕಾಣಲು ಕಡಿಮೆಯೆಂದರೆ ನಾಲ್ಕು ವಾರ ಬೇಕು, ಮೊದಲ ಸಲ ಆರು ವಾರವಾದರೂ ಅಚ್ಚರಿಯಿಲ್ಲ. ಒಂದು ಮುಷ್ಟಿ ಕಲ್ಲುಗಳನ್ನು ಬಟ್ಟೆಯಿಂದ ಒರೆಸಿ ಕಿಟಕಿಯ ಬಳಿ ಇಟ್ಟು, ತೇವ ಪೂರ್ತಿ ಆರಿದ ಮೇಲೂ ಅವು ಹೊಳೆಯುತ್ತಿದ್ದರೆ ಕೆಲಸ ಕೈಗೂಡಿತೆಂದೇ ಅರ್ಥ.